ಬಿಚ್ಚಿದಷ್ಟೂ ಸೀರೆ

ಕರೆಂಟು ಬರೋವರೆಗೂ ಯಾರೂ ಮೊಬೈಲ್ ಟಾರ್ಚ್ ಹಾಕ್ಬೇಡಿ. ಬೆಳಕಿದ್ರೆ ನನಗೆ ಈ ಕತೆ ಹೇಳಕ್ಕಾಗಲ್ಲ... ಮಧ್ಯದಲ್ಲಿ ಅಳು ಬಂದ್ರೆ ನಿಮಗೆ ಕಾಣುತ್ತೆ. ಅದು ನನಗಿಷ್ಟ ಇಲ್ಲ.

ನಮ್ಮ ಶಾಮಲಾ ಗೊತ್ತಲ್ಲ? ಗಂಗಲಕ್ಷ್ಮಮ್ಮ ಚಿಕ್ಕಮ್ಮನ ದೊಡ್ಡ ಮಗಳು. ಆಂಬ್ಯುಲೆನ್ಸಲ್ಲಿ ಪೇಷಂಟ್ ಪಕ್ಕ ಕೂತ್ಕೊಂಡು ಹೋಗ್ತಾಳಲ್ಲ, ಅವಳೇ. ಅವಳಿಗೆ ಆಗಿದ್ದು ಇದು. ಯಾರೋ ಹೇಳಿದ್ದು, ಎಲ್ಲೋ ಕೇಳಿದ್ದು ಅಲ್ಲ. ನಂಬದೇ ಇರೋರು ಈಗಲೇ ಎದ್ದು ಹೋಗಿ ಮಲಗಿ, ನನಗೇನೂ ಬೇಜಾರಿಲ್ಲ.

ಅವತ್ತು ಡ್ಯೂಟಿ ಮುಗಿಸಿ ಬರೋದು ತಡ ಆಯ್ತು. ಕಡೇ ಬಸ್ಸು ದೊಡ್ಡಬೆಳವಂಗಲದಲ್ಲಿ ಇಳಿಸಿ ಹೋಯ್ತು. ಅಲ್ಲಿಂದ ನಮ್ಮೂರಿಗೆ ನಡೀಬೇಕು. ದಾರೀಲಿ ಆಲದ ಮರ, ಮರದ ಪಕ್ಕ ಹಳೇ ಬಾವಿ. ಬೋರ್‌ವೆಲ್ ಬಂದ್ಮೇಲೆ ಆ ಬಾವೀಲಿ ನೀರೂ ಇಲ್ಲ, ಅದನ್ನ ಕೇಳೋರೂ ಇಲ್ಲ. ಮೇಲೆ ಒಂದು ವಿಮಾನ ಏರ್‌ಪೋರ್ಟ್ ಕಡೆ ಗುಯ್... ಅಂತ ಇಳೀತಾ ಹೋಯ್ತು. ಅದು ಹೋದ್ಮೇಲೆ ಜೀರುಂಡೆ ಸದ್ದೂ ನಿಂತ್ಹೋಯ್ತು.

ಆಗ ಕೇಳಿಸ್ತು.

ಸರ್... ಸರ್... ಸರ್...

ಎಲೆ ಸದ್ದಲ್ಲ. ಹಾವಿನ ಸದ್ದೂ ಅಲ್ಲ. ಚಿಕ್ಕಮ್ಮ ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸ ಮಾಡುತ್ತೆ. ಅಮ್ಮನ ಜೊತೆ ಮಗ್ಗದ ಹತ್ತಿರಾನೇ ಬೆಳೆದೋಳು ಶಾಮಲಾ. ಅವಳಿಗೆ ಗೊತ್ತಾಗಲ್ವಾ? ಹೊಸಾ ರೇಷ್ಮೆ ಸೀರೆಯ ನೆರಿಗೆ ಬಿಚ್ಚಿ ನೆಲಕ್ಕೆ ಬೀಳೋ ಸದ್ದು ಅದು. ನಡುವೆ ಒಂದೊಂದ್ಸಲ... ಟಿಕ್. ಪಿನ್ನು ಬಿಚ್ಚೋ ಸದ್ದು. ಆಮೇಲೆ ಮತ್ತೆ ಸರ್... ಸರ್...

ಬಾವಿ ಕಟ್ಟೆ ಮೇಲೆ ಒಂದು ಹೆಂಗಸು ಬೆನ್ನು ತಿರುಗಿಸಿ ಕೂತಿತ್ತು. ತಲೆ ಬಗ್ಗಿಸ್ಕೊಂಡು ಸೊಂಟದ ಹತ್ತಿರ ಏನೋ ಬಿಚ್ತಾನೇ ಇತ್ತು. ಬಿಚ್ಚಿದ ಸೀರೆ ಕಟ್ಟೆ ಮೇಲಿಂದ ಬಾವಿಯೊಳಕ್ಕೆ ಇಳೀತಾ ಇತ್ತು.

"ಯಾರಮ್ಮಾ ಅದು?" ಅಂದ್ಲು ಶಾಮಲಾ.

"ಅಕ್ಕಾ..." ಪಿಸುಮಾತು. "ಮುಗೀತಾನೇ ಇಲ್ಲ ಕಣೆ. ಬಿಚ್ಚಿದಷ್ಟೂ ಐತೆ... ಕತ್ತರಿ ತಂದಿದ್ದೀಯಾ?"

ದಿವ್ಯನ ದನಿ. ದಿವ್ಯ ಅಂದ್ರೆ ಶಾಮಲನ ತಂಗಿ. ಅವಳನ್ನ ಮಣ್ಣು ಮಾಡಿ ಆಗ ಇನ್ನೂ ಒಂದು ತಿಂಗಳೂ ಕಳೆದಿರ್ಲಿಲ್ಲ.

ತಡೀರಿ. ಮೊದಲು ಆ ಕತ್ತರಿ ವಿಷ್ಯ ಹೇಳ್ಬೇಕು, ಇಲ್ದಿದ್ರೆ ನಿಮಗೆ ಅರ್ಥ ಆಗಲ್ಲ.

ಶಾಮಲಾ ಕೆಲಸಕ್ಕೆ ಸೇರಿದ ಹೊಸದರಲ್ಲಿ ಗಾಡೀಲಿ ಕೊಟ್ಟಿದ್ದ ಕತ್ತರಿ ಏನಕ್ಕೂ ಬರ್ತಿರ್ಲಿಲ್ಲ. ಜೀನ್ಸ್ ಪ್ಯಾಂಟಿನ ದಪ್ಪ ಹೊಲಿಗೆ ಬಂತು ಅಂದ್ರೆ ಬಟ್ಟೆ ಕತ್ತರಿ ಮಧ್ಯೆ ಮಡಚ್ಕೊಂಡ್ಬಿಡೋದು. ಏರ್‌ಪೋರ್ಟ್ ಬಂದ್ಮೇಲೆ ನಮ್ಮ ಕಡೆ ರೋಡು ಹೆಂಗಾಗಿದೆ ಅಂತ ನಿಮಗೇ ಗೊತ್ತು. ಟ್ಯಾಕ್ಸಿಯೋರು ಹಾರ್ತಾರೆ, ಜಲ್ಲಿ ಲಾರಿಯೋರಿಗೆ ಕಣ್ಣೇ ಇಲ್ಲ. ದಿನಾ ಒಂದಲ್ಲ ಒಂದು ಆಕ್ಸಿಡೆಂಟು. ಕಡೆಗೆ ಇವಳೇ ಬೆಂಗಳೂರಿಗೆ ಹೋಗಿ ಸರ್ಜಿಕಲ್ ಅಂಗಡೀಲಿ ಕತ್ತರಿ ತಂದ್ಲು. ಟ್ರಾಮಾ ಶಿಯರ್ಸ್ ಅಂತಾರಂತೆ. ಅಂಗಡಿಯೋನು ಬಣ್ಣಬಣ್ಣದ್ದು, ಮಿರಮಿರ ಮಿಂಚೋದು ಎಲ್ಲ ತೋರಿಸಿದ. ಇವಳು ಬ್ಯಾಗಿಂದ ಹಳೇ ಜರಿ ಅಂಚಿನ ತುಂಡು ತೆಗೆದು, ನಾಲ್ಕು ಮಡಿಕೆ ಮಾಡಿ, ಒಂದೊಂದೇ ಕತ್ತರೀಲಿ ಕತ್ತರಿಸಿ ನೋಡಿದ್ಲಂತೆ. ಅಂಗಡಿಯೋನ ಮುಖ ನೋಡ್ಬೇಕಿತ್ತು! ಆ ತುಂಡು ಕೊಟ್ಟು ಕಳಿಸಿದ್ದು ಚಿಕ್ಕಮ್ಮಾನೇ. "ಜರಿ ಕತ್ತರಿಸಿದ್ರೆ ಏನು ಬೇಕಾದ್ರೂ ಕತ್ತರಿಸುತ್ತೆ, ತಗೊಂಡೋಗು" ಅಂದಿತ್ತು.

ಕಪ್ಪು ಹಿಡಿ, ಕೈಗೆ ಗ್ಲೌಸ್ ಹಾಕಿದ್ರೂ ಬೆರಳು ಹೋಗ್ಬೇಕು, ಅಷ್ಟು ದೊಡ್ಡದು. ತುದಿ ಚೂಪಿಲ್ಲ, ಬಾತುಕೋಳಿ ಕೊಕ್ಕಿನ ಹಂಗೆ ಚಪ್ಪಟೆ. ಮೈಗೆ ಆನಿಸಿ ಜಾರಿಸಿದ್ರೂ ಚುಚ್ಚಲ್ಲ. ಕೆಳಗಿನ ಅಲಗಿಗೆ ಸಣ್ಣ ಹಲ್ಲು, ಬಟ್ಟೆ ಜಾರದ ಹಂಗೆ ಕಚ್ಚಿ ಹಿಡಿಯುತ್ತೆ. ಕೆಳಗಿನ ಅಂಚಿಂದ ಶುರು ಮಾಡಿ ಮೇಲಕ್ಕೆ ನೆಟ್ಟಗೆ ಹೋಗ್ಬೇಕು, ಗಾಯದ ಮೇಲೆ ಮಾತ್ರ ಹಾಯ್ಸಬಾರದು. "ರಕ್ತ ಎಲ್ಲಿಂದ ಬರ್ತಿದೆ ಅಂತ ಕಣ್ಣಿಗೆ ಕಾಣ್ಬೇಕಕ್ಕಾ. ಕಂಡ್ರೆ ಒತ್ತಿ ಹಿಡೀಬಹುದು, ಬಿಗಿದು ಕಟ್ಟಬಹುದು. ಕಾಣ್ದೇ ಇದ್ರೆ ನಾವಿದ್ದೂ ಇಲ್ದಂಗೆ" ಅಂತ ನನಗೆ ಎಷ್ಟು ಸಲ ಹೇಳಿದ್ದಾಳೋ.

ಆದ್ರೆ ನಮ್ಮ ಜನ ಬಿಡಬೇಕಲ್ಲ? ಉಟ್ಟ ಬಟ್ಟೆಗೆ ಸೂಜಿ ಕತ್ತರಿ ಹಾಕಬಾರದು ಅಂತ ನಮ್ಮಲ್ಲಿ ಇದೆಯಲ್ಲ. ಅದು ಹೆಣಕ್ಕೆ ಮಾಡೋದು. "ಜೀವ ಇರೋವಾಗ್ಲೇ ಕತ್ತರಿ ಹಾಕ್ತೀಯೇನೇ?" ಅಂತ ಮೇಲೇ ಬೀಳೋರು. ಶಾಮಲಾ ಒಬ್ಬರ ಮಾತೂ ಕೇಳ್ತಿರ್ಲಿಲ್ಲ. "ಬಟ್ಟೆ ಅಂಗಡೀಲಿ ಸಿಗುತ್ತೆ, ದೂರ ನಿಂತ್ಕೊಳ್ಳಿ" ಅಂದು ಕತ್ತರಿಸೇಬಿಡೋಳು. ಎಷ್ಟು ಜನ ಬೈದ್ರು, ಆಮೇಲೆ ಎಷ್ಟು ಜನ ಮನೆಗೆ ಬಂದು ಕೈ ಮುಗಿದ್ರು...

ಅಂಥೋಳು ಒಂದೇ ಒಂದು ಸಲ ಮಾತು ಕೇಳಿದ್ಲು.

ದಿವ್ಯಂಗೆ ಮದುವೆ ಆಗಿ ಸ್ವಲ್ಪ ದಿನ ಆಗಿತ್ತು. ನೆಂಟರ ಮನೆ ಗೃಹಪ್ರವೇಶಕ್ಕೆ ಅಂತ ಧಾರೆ ಸೀರೆ ಉಟ್ಕೊಂಡು ಸ್ಕೂಟರಲ್ಲಿ ಹೊರಟ್ಲು, ಹಿಂದೆ ಚಿಕ್ಕಮ್ಮ. ಗಿಣಿಹಸಿರು ಸೀರೆ, ಕುಂಕುಮದ ಬಣ್ಣದ ಅಂಚು. ಚಿಕ್ಕಮ್ಮ ತಾನೇ ನೇಯ್ದಿದ್ದು. ಅವತ್ತು ತಾನೇ ಉಡಿಸಿತ್ತು. ಗಾಡೀಲಿ ಜಾರಬಾರದು ಅಂತ ಪಿನ್ನಿನ ಮೇಲೆ ಪಿನ್ನು ಹಾಕಿತ್ತು.

ಜಲ್ಲಿ ಲಾರಿ ಸವರ್ಕೊಂಡು ಹೋಯ್ತು. ನಿಲ್ಲಿಸಲೂ ಇಲ್ಲ.

ಚಿಕ್ಕಮ್ಮ ಮಣ್ಣಿಗೆ ಬಿತ್ತು, ಮೊಣಕೈ ತರಚಿದ್ದು ಬಿಟ್ರೆ ಏನೂ ಆಗ್ಲಿಲ್ಲ. ಹತ್ತಿರ ಇದ್ದ ಆಂಬ್ಯುಲೆನ್ಸು ಶಾಮಲಂದೇ. ಇಳಿದು ನೋಡ್ತಾಳೆ... ತನ್ನ ತಂಗಿ. ಕಾಲು ತಿರುಚಿ ಗಾಡಿ ಕೆಳಗೆ. ನೆರಿಗೆಯೆಲ್ಲ ಸ್ಟಾಂಡಿಗೆ ಸುತ್ಕೊಂಡು ಬಿಗಿದಿತ್ತು, ಎತ್ತಕ್ಕೂ ಆಗಲ್ಲ, ಸರಿಸಕ್ಕೂ ಆಗಲ್ಲ. ತೊಡೇಲಿ ಎಲ್ಲೋ ಸೀಳಿದೆ. ಒಳಲಂಗ ಕಡುಕೆಂಪು, ಅದರಲ್ಲಿ ರಕ್ತ ಯಾವುದು ಬಟ್ಟೆ ಯಾವುದು ಗೊತ್ತಾಗ್ತಿಲ್ಲ. ಶಾಮಲಾ ಕತ್ತರಿ ತೆಗೆದ್ಲು.

ಚಿಕ್ಕಮ್ಮ ಬಂದು ಆ ಕೈ ಹಿಡ್ಕೊಂತು.

"ಬ್ಯಾಡ ಕಣೆ! ಮುತ್ತೈದೆ ಕಣೆ ಅವ್ಳು, ಧಾರೆ ಸೀರೆ ಕಣೆ! ಹೆಣಕ್ಕೆ ಹಾಕ್ದಂಗೆ ಹಾಕ್ಬ್ಯಾಡ. ನಾನೇ ಉಡ್ಸಿದ್ದು, ನಾನೇ ಬಿಚ್ತೀನಿ... ಈಗ ಬಿಚ್ಬಿಡ್ತೀನಿ..."

ಡ್ರೈವರ್ ಕೆಂಪರಾಜ್ ಕೂಗ್ತಾನೇ ಇದ್ದನಂತೆ, "ಮೇಡಂ, ಕಟ್ ಮಾಡಿ! ಮೇಡಂ!" ಅಂತ. ದಿವ್ಯಂಗೆ ಇನ್ನೂ ಎಚ್ಚರ ಇತ್ತು. "ಅಮ್ಮ ಬೈಯುತ್ತೆ ಅಕ್ಕಾ, ಬ್ಯಾಡ ಬಿಡು" ಅಂದ್ಲಂತೆ. ಊರೋರ ಮಾತಿಗೆಲ್ಲ ಕಿವುಡಿ ಆಗ್ತಿದ್ದೋಳು ಅಮ್ಮನ ಕೈ ಮಾತ್ರ ಒದರಲಿಲ್ಲ. ಇಬ್ಬರೂ ಸೇರಿ ಬಿಚ್ಚಿದ್ರು. ಟಿಕ್... ಒಂದು ಪಿನ್ನು. ಟಿಕ್... ಇನ್ನೊಂದು. ಚಿಕ್ಕಮ್ಮ ತಡಕಾಡುತ್ತೆ, ಪಿನ್ನು ಸಿಗ್ತಿಲ್ಲ. ಸರ್... ಸರ್... ಅಂತ ಸುತ್ತು ಬಿಚ್ಕೊಂಡು ಬಂತು. ಗಾಯ ಕಾಣೋ ಹೊತ್ತಿಗೆ... ಕಟ್ಟಿದ್ಲು, ಒತ್ತಿ ಹಿಡ್ಕೊಂಡೇ ಆಸ್ಪತ್ರೆವರೆಗೂ ಹೋದ್ಲು. ಏನು ಬಂತು? ದಾರೀಲೇ ಹೋಗ್ಬಿಡ್ತು ಜೀವ.

ಸೀರೇಗೆ ಮಾತ್ರ ಒಂದು ಗೀರೂ ಇರ್ಲಿಲ್ಲ. ಚಿಕ್ಕಮ್ಮ ಅದನ್ನ ಒಗೆದು, ಒಣಗಿಸಿ, ಅದರಲ್ಲೇ ಮಗಳನ್ನ ಮಣ್ಣಿಗೆ ಕಳಿಸ್ತು. "ಸೀರೆ ಉಳ್ಕೊಂತು ನೋಡು" ಅಂತ ನನ್ನ ಕೈ ಹಿಡ್ಕೊಂಡು ಅಂತು. ಆ ಮುಖ ನಾನು ಸಾಯೋವರೆಗೂ ಮರೆಯಲ್ಲ.

ಆಮೇಲೆ ಆ ಮನೇಲಿ ತಾಯಿ ಮಗಳ ನಡುವೆ ಮಾತೇ ನಿಂತ್ಹೋಯ್ತು. ಜಗಳ ಆಗಿದ್ರೆ ಒಳ್ಳೇದಿತ್ತು. ಜಗಳಾನೂ ಇಲ್ಲ. ಚಿಕ್ಕಮ್ಮ ಆ ಕತ್ತರಿ ತಗೊಂಡು ರಾಗಿ ಡ್ರಮ್ಮಿನ ಅಡೀಲಿ ಹೂತಿಟ್ಟಿತ್ತು. ಶಾಮಲಾನೂ ಕೇಳ್ಲಿಲ್ಲ. ಡ್ಯೂಟೀಲಿ ಬಟ್ಟೆ ಕತ್ತರಿಸ್ಬೇಕು ಅಂದ್ರೆ ಅವಳು ಹಿಂದಕ್ಕೆ ಸರಿಯೋಳು, ಕೆಂಪರಾಜೇ ಮಾಡೋನು. ಕೆಲಸ ಬಿಡೋದು ಅಂತ ಅವಳು ತೀರ್ಮಾನ ಮಾಡಾಗಿತ್ತು.

ಈಗ ಬಾವಿ ಹತ್ತಿರ ಬನ್ನಿ.

"ಕತ್ತರಿ ತಂದಿದ್ದೀಯಾ?" ಅಂತ ಕೇಳ್ತಲ್ಲ, ಶಾಮಲನ ಕೈ ಜೇಬಿಗೆ ಹೋಯ್ತಂತೆ, ಅಭ್ಯಾಸಬಲ. ಖಾಲಿ. "ತರ್ತೀನಿ ಕಣೆ... ಇಲ್ಲೇ ಇರು" ಅಂದ್ಲು. ಓಡ್ಲಿಲ್ಲ, ಕಿರುಚಲಿಲ್ಲ. ಸತ್ತ ತಂಗಿ ಕೂತಿದ್ದಾಳೆ, ಬಿಚ್ತಾನೇ ಇದ್ದಾಳೆ, ಸುಸ್ತಾಗಿದ್ದಾಳೆ. ಭಯ ಎಲ್ಲಿಂದ ಬರಬೇಕು ಹೇಳಿ?

ಮನೆಗೆ ಬಂದು ಅಮ್ಮನ್ನ ಎಬ್ಬಿಸಿದ್ಲು. ಅಷ್ಟು ದಿನದ ಮೇಲೆ ಮೊದಲನೇ ಮಾತು.

"ಅಮ್ಮಾ, ದಿವ್ಯ ಬಾವಿ ಹತ್ರ ಕೂತವ್ಳೆ. ಸೀರೆ ಬಿಚ್ತಾನೇ ಅವ್ಳೆ. ಮುಗೀತಿಲ್ಲ ಅಂತಾಳೆ."

ನಿಂಗೇನು ತಲೆ ಕೆಟ್ಟಿದೆಯಾ ಅಂತ ಚಿಕ್ಕಮ್ಮ ಕೇಳ್ಲಿಲ್ಲ. ಎದ್ದು ಹೋಗಿ ಆ ಡ್ರಮ್ಮು ಉರುಳಿಸ್ತು. ಸುರ್... ಅಂತ ರಾಗಿಯೆಲ್ಲ ನೆಲದ ಮೇಲೆ. ಕತ್ತರಿ ಎತ್ಕೊಂಡು ಸೆರಗಲ್ಲಿ ಒರೆಸಿ ಮಗಳ ಕೈಗೆ ಕೊಡ್ತು.

"ನಡಿ" ಅಂತು.

ಬಾವಿ ಹತ್ತಿರ ಚಿಕ್ಕಮ್ಮನ ಕಣ್ಣಿಗೆ ಏನೂ ಕಾಣಲಿಲ್ಲ. ಬರೀ ಸದ್ದು ಕೇಳಿಸ್ತು. ಸರ್... ಸರ್... ಟಿಕ್. ಅಷ್ಟಕ್ಕೇ ಅಲ್ಲೇ ಕೂತ್ಕೊಂತು.

"ಅಕ್ಕಾ... ಅಮ್ಮನ್ನ ಯಾಕೆ ಕರ್ಕೊಂಡು ಬಂದೆ?" ಅಂದ್ಲು ದಿವ್ಯ. "ಕತ್ತರಿ ಹಾಕಿದ್ರೆ ಬೈಯುತ್ತೆ ಕಣೆ."

ಶಾಮಲಾ ಅಮ್ಮನ ಕಡೆ ತಿರುಗಿದ್ಲು. "ನೀನು ಬೈತೀಯ ಅಂತಾಳಮ್ಮ."

ಚಿಕ್ಕಮ್ಮ ಕತ್ತಲೆ ಕಡೆ ಕೈ ಚಾಚ್ತು. "ಬೈಯಲ್ಲ ಕಣವ್ವಾ... ನಾನು ಬೈಯಲ್ಲ. ಹಾಳಾಗೋಗ್ಲಿ ಆ ಸೀರೆ! ನಿನ್ನ ಬಿಟ್ಟು ಸೀರೆ ಉಳಿಸ್ಕೊಂಡೆನಲ್ಲೇ... ಕತ್ತರಿಸ್ಕೊ ನನ್ನವ್ವಾ. ಬೇರೇದು ನೇಯ್ಕೊಡ್ತೀನಿ."

ಸದ್ದು ನಿಂತ್ಹೋಯ್ತು.

ಶಾಮಲಾ ಮಂಡಿ ಊರಿ ಕೂತ್ಲು. ಕತ್ತರಿ ಬಾಯಿ ತೆರೆದ್ಲು, ಮುಚ್ಚಕ್ಕಾಗ್ಲಿಲ್ಲ. ಆಗ ಚಿಕ್ಕಮ್ಮಾನೇ ಅಂತು, "ಅಂಚು ಎಲ್ಲೈತೆ? ನಾನು ಬಿಗಿಯಾಗಿ ಹಿಡ್ಕೋತೀನಿ, ನೀನು ಹಾಕು." ಶಾಮಲಾ ಅಮ್ಮನ ಕೈ ಹಿಡ್ದು ಅಂಚಿನ ಹತ್ತಿರ ಇಟ್ಲು. ಕಾಣದ ಬಟ್ಟೆ ಮೇಲೆ ಚಿಕ್ಕಮ್ಮನ ಬೆರಳು ಮುಚ್ಕೊಂತು.

"ಒದ್ದೆ ಐತೆ ಕಣೆ..." ಅಂತು, ಅಷ್ಟೇ. ಕೈ ಬಿಡ್ಲಿಲ್ಲ.

ಕಟಕ್... ಮೊದಲು ಜರಿ ಅಂಚು. ಆಮೇಲೆ ಕರ್ರಕ್... ಕರ್ರಕ್... ಕರ್ರಕ್... ಕೆಳಗಿಂದ ಮೇಲಕ್ಕೆ, ನೆಟ್ಟಗೆ. ಕಡೆಗೆ ಲಂಗದ ಲಾಡಿ... ಟಪ್.

"ಉಸ್ಸಪ್ಪಾ..." ಅಂದ್ಲಂತೆ ದಿವ್ಯ. ಮದುವೆ ಮನೆಗೆ ಹೋಗಿ ಬಂದು, ಸೀರೆ ಬಿಚ್ಚಾಕಿ ನೈಟಿ ಹಾಕ್ಕೊಂಡು ಮಂಚದ ಮೇಲೆ ಬೀಳೋವಾಗ ಅಂತಿದ್ಲಲ್ಲ, ಹಂಗೇ. ದಿವ್ಯ ಆಡಿದ್ರಲ್ಲಿ ಅದೊಂದು ಮಾತ್ರ ಚಿಕ್ಕಮ್ಮಂಗೂ ಕೇಳಿಸ್ತು.

ಆಮೇಲೆ ಜೀರುಂಡೆ ಕೂಗಕ್ಕೆ ಶುರು ಮಾಡಿದ್ವು.

ಮನೆಗೆ ಬಂದು ದೀಪದ ಬೆಳಕಲ್ಲಿ ನೋಡಿದ್ರೆ ಕತ್ತರಿಯ ಹಲ್ಲಲ್ಲಿ ಒಂದೆಳೆ ನೂಲು ಸಿಕ್ಕೊಂಡಿತ್ತು. ಗಿಣಿಹಸಿರು. ಅದನ್ನ ಬೆರಳಲ್ಲಿ ಹೊಸಕಿ ನೋಡಿ ಚಿಕ್ಕಮ್ಮ ತಲೆ ಆಡಿಸ್ತು. ತಾನು ನೇಯ್ದ ಎಳೆ ತನಗೆ ಗೊತ್ತಾಗಲ್ವಾ?

ಶಾಮಲಾ ಕೆಲಸ ಬಿಡ್ಲಿಲ್ಲ. ಅದೇ ಕತ್ತರಿ ಈಗಲೂ ಅವಳ ಜೇಬಲ್ಲಿದೆ. ಈಗ ಯಾರು ಕೈ ಹಿಡ್ಕೊಂಡ್ರೂ ಒದರಿ ಕತ್ತರಿಸ್ತಾಳೆ, ಆಮೇಲೆ ಆಂಬ್ಯುಲೆನ್ಸ್ ಹಿಂದೆ ನಿಂತು ಅಳ್ತಾಳೆ ಅಂತ ಕೆಂಪರಾಜ್ ಹೇಳ್ತಾನೆ.

ಚಿಕ್ಕಮ್ಮ ಆ ಎಳೆ ತಗೊಂಡು ಹೋಗಿ, ಬಣ್ಣ ಹಾಕೋರ ಹತ್ತಿರ ಅದೇ ಬಣ್ಣ ಮಾಡ್ಸಿ, ಹೊಸಾ ಸೀರೆ ನೇಯ್ತು. ಕೊಡ್ತೀನಿ ಅಂದಿತ್ತಲ್ಲ. ಮಡಿಕೆ ಮುರಿಯದ ಹೊಸಾ ಸೀರೆ. ಅರಿಶಿನ ಕುಂಕುಮ ಹಚ್ಚಿ, ಪಕ್ಕದಲ್ಲಿ ಒಂದು ಡಬ್ಬಿ ಪಿನ್ನು ಇಟ್ಟು, ಸಾಯಂಕಾಲ ಬಾವಿ ಕಟ್ಟೆ ಮೇಲಿಟ್ಟು ಬಂತು. ನಾನೂ ಜೊತೆಗೆ ಹೋಗಿದ್ದೆ. ಬೆಳಿಗ್ಗೆ ತರಕ್ಕೂ ನಾನೇ ಹೋಗಿದ್ದೆ.

ಸೀರೆ ಅಲ್ಲೇ ಇತ್ತು. ಇಟ್ಟ ಹಂಗೇ ಮಡಚಿತ್ತು. ಯಾರೂ ಕದ್ದಿರ್ಲಿಲ್ಲ, ಮುಟ್ಟಿದ ಹಂಗೂ ಇರ್ಲಿಲ್ಲ. ಮನೆಗೆ ತಂದು ಬಿಡಿಸಿದ್ವಿ. ನಡುವಲ್ಲಿ ಐದಾರು ನೆರಿಗೆ ಹಿಡಿದು ಉಟ್ಟಿದ್ದ ಸುಕ್ಕು ಇತ್ತು. ಸೆರಗು ಹೆಗಲ ಮೇಲೆ ಕೂತಿದ್ದ ಗುರುತು ಇತ್ತು. ನಾನು ಕಿಟಕಿ ಬೆಳಕಿಗೆ ಹಿಡಿದು ಆ ತುದಿಯಿಂದ ಈ ತುದಿವರೆಗೂ ಹುಡುಕಿದೆ, ನನ್ನ ಕೈಯಾರೆ, ಚಿಕ್ಕಮ್ಮ ಎದುರಿಗೇ ಕೂತಿತ್ತು. ಬೇಕಿದ್ರೆ ನಾಳೆ ಬನ್ನಿ, ಆ ಸೀರೆ ಪೆಟ್ಟಿಗೇಲಿದೆ, ನೀವೂ ನೋಡಿ.

ಪಿನ್ನಿನ ತೂತು ಒಂದೂ ಇಲ್ಲ.