ಕಡ್ಲಿ ಚೀಲದ ತಳ

ಬೈಲಹೊಂಗಲದಲ್ಲಿ ಬೆಳಗಾವಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಗಂಡ ಹೆಂಡತಿ. ಆಕೆ ಸೆರಗನ್ನು ಕೊರಳಿಗೆ ಸುತ್ತಿಕೊಂಡಿದ್ದಳು. ಅವರ ಮಾತು ಕೇಳಬಾರದಿತ್ತು. ಆದರೆ ಇದ್ದದ್ದು ಒಂದೇ ಬೆಂಚು.

"ನಾ ದವಾಖಾನಿಗೆ ಬರಾಂಗಿಲ್ರಿ. ಒಮ್ಮೆ ಸೂಜಿ ಚುಚ್ಚಿ ಕ್ಯಾನ್ಸರ್ ಅಂತ ಹೇಳ್ಯಾರಲ್ಲ. ಮತ್ತ್ಯಾಕ ಚುಚ್ಚೋದು?"

"ಕೊರಳಾಗಿನ ಒಂದ ಗಂಟಿನಾಗ ಎರಡು ನಮೂನಿ ಕ್ಯಾನ್ಸರ್ ಇರಬಹುದು ಅಂದ್ರು ಡಾಕ್ಟರು. ಅಪರೂಪಕ್ಕ ಹಂಗಿರತೈತಂತ."

"ಒಂದು ಸಾಲದಾಗಿತ್ತೇನು?"

"ನೋಡಿಲ್ಲಿ ಕೃಷ್ಣವ್ವ. ನಾವು ಹಮಾಲರು ಯಾರ್ಡಿನಾಗ ಕಡ್ಲಿ ಚೀಲ ಇಳಿಸಿದ ಮ್ಯಾಲ ದಲಾಲಿ ಏನ್ ಮಾಡ್ತಾನ?"

"ಕೊಳವಿ ಚುಚ್ಚಿ ಕಾಳು ತಗದು ನೋಡ್ತಾನ."

"ಒಂದ ಕಡೆ ಚುಚ್ಚತಾನೇನು?"

"ಮ್ಯಾಲ, ನಡುವ, ತಳದಾಗ."

"ಯಾಕ?"

"ಮ್ಯಾಲ ಒಂದು ಕಾಳು, ತಳದಾಗ ಬ್ಯಾರೆ ಇರತಾವಲ್ರಿ."

"ಇದೂ ಹಂಗ. ಒಂದನ್ನಷ್ಟ ನೋಡಿ ಔಷಧ ಕೊಟ್ರ ಇನ್ನೊಂದು ಹಂಗ ಉಳಕೊಂತೈತಿ. ಎರಡನ್ನೂ ಗುರುತು ಹಿಡಿಬೇಕು."

ಆಕೆ ಕೊರಳ ಮೇಲಿನ ಸೆರಗು ಸರಿಮಾಡಿಕೊಂಡಳು. ಆಮೇಲೆ ನಕ್ಕಳು.

"ನನ್ನ ಕಡ್ಲಿ ಚೀಲ ಮಾಡಿಬಿಟ್ರಿ."

"ಇಷ್ಟು ವರ್ಷದಾಗ ಭಾರ ಅನ್ನಿಸದ ಚೀಲ ಇದೊಂದ."

ಬಸ್ಸು ಬಂತು. ಅವನು ಎದ್ದು ಆಕೆಯತ್ತ ಕೈ ಚಾಚಿದ.

"ಕೈ ಯಾಕ ನಡಗಾಕ ಹತ್ತೈತ್ರಿ?"

"ಚೀಲ ಹೊತ್ತು ಹೊತ್ತು ಹಂಗಾಗೈತಿ."

"ಇವತ್ತ ಏನೂ ಹೊತ್ತಿಲ್ಲಲ್ರಿ ನೀವು."

ಆಕೆ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, "ನಡೀರಿ, ನಾ ಅದೇನಿ," ಎನ್ನುತ್ತ ಅವನನ್ನೇ ಮೊದಲು ಬಸ್ಸು ಹತ್ತಿಸಿದಳು.