ಲಾಕರ್ ಖಾಲಿ ಮಾಡಿದವಳು

ಆ ಬೆಳಿಗ್ಗೆ ಆಸ್ಪತ್ರೆಯ ಗೇಟೇ ಕಾಣದಷ್ಟು ಮಂಜು ಕವಿದಿತ್ತು. ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಬಟ್ಟೆ ಫ್ಯಾಕ್ಟರಿಯ ಇಬ್ಬರು ಹೆಂಗಸರು ಕೂತಿದ್ದರು. ಹಿರಿಯಳಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಕಿರಿಯಳು ನೋಡಿಕೊಂಡು ಹೋಗಲು ಬಂದಿದ್ದಳು.

“ಕಾಯಿಲೆ ರಜೆ ಮೇಲಿರೋರನ್ನ ಕೆಲಸದಿಂದ ತೆಗೆಯೋ ಹಾಗಿಲ್ವಂತೆ ಕಣೇ. ಅದಕ್ಕೇ ಫ್ಯಾಕ್ಟರಿಯೋರು, ನಾನೇ ಬಿಟ್ಟೆ ಅಂತ ಬರ್ಕೊಂಡಿದ್ದಾರೆ.”

“ನೀನೆಲ್ಲಿ ಬಿಟ್ಟೆ ಅಕ್ಕಾ?”

“ಲಾಕರ್ ಖಾಲಿ ಮಾಡಿದೋರು ಬಿಟ್ಟುಹೋದ ಹಾಗೇ ಅಂತೆ. ನಂದು ಖಾಲಿ ಮಾಡಿದ್ದು ಯಾರು?”

“ನಾನೇ. ಆಸ್ಪತ್ರೇಲಿ ಸ್ವೆಟರು, ಚಪ್ಪಲಿ ಬೇಕಾಗತ್ತೆ ಅಂತ ತಂದ್ಕೊಟ್ಟೆ.”

“ಬಾಚಣಿಗೇನೂ ಬಿಡ್ಲಿಲ್ವಲ್ಲೇ ಮಹಾತಾಯಿ!”

“ಒಳ್ಳೇದಾಗ್ಲಿ ಅಂತ ಮಾಡ್ದೆ.”

“ಗೊತ್ತು. ಅದನ್ನೇ ಲೇಬರ್ ಆಫೀಸಿಗೆ ಬಂದು ಹೇಳು. ನನ್ನ ಕೆಲಸ ಉಳಿಯತ್ತೆ.”

“ನಂದು ಹೋಗತ್ತಲ್ಲಕ್ಕಾ. ನಿನ್ನ ಮಿಷನ್ ಮೇಲೆ ಈಗ ನನ್ನನ್ನೇ ಕೂರ್ಸಿದ್ದಾರೆ.”

“ಓಹೋ! ಸೀಟು ಮೆತ್ತಗಿದೆಯಾ?”

“ಹಾಗನ್ಬೇಡ. ನಂಗೂ ಮಕ್ಕಳಿವೆ.”

“ನಂಗೇನು ಬೆಕ್ಕಿನ ಮರಿಗಳಿವೆಯಾ?”

ಕಿರಿಯಳು ತಲೆ ತಗ್ಗಿಸಿದಳು. ಯಾರ ಪರವಾಗಿ ದೇವರಲ್ಲಿ ಬೇಡಿಕೊಳ್ಳಲಿ ಎಂದು ನನಗೂ ತಿಳಿಯಲಿಲ್ಲ.

ನರ್ಸ್ ಕರೆದಳು. ಹಿರಿಯಳು ಹೊಟ್ಟೆ ಒತ್ತಿ ಹಿಡಿದುಕೊಂಡು ಎದ್ದಳು. ಆಗ ಕಿರಿಯಳು ಚೀಲದಿಂದ, ಹಿಡಿಗೆ ಕೆಂಪು ಬಟ್ಟೆ ಸುತ್ತಿದ ಕತ್ತರಿಯೊಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟಳು.

“ನಿನ್ನ ಸ್ವಂತದ್ದು ಅಕ್ಕಾ. ಮಿಷನ್ ಮೇಲೇ ಇತ್ತು. ನಾನು ಇಟ್ಕೊಳ್ಳೋದು ಸರಿಯಲ್ಲ.”

“ಸರಿ ಬಿಡು. ಇನ್ನು ಅಲ್ಲಿ ನಂದು ಅಂತ ಏನೂ ಉಳೀಲಿಲ್ಲ.”

ಹಿರಿಯಳು ಒಳಗೆ ಹೋದಳು. ಕಿರಿಯಳು ಶಿಫ್ಟಿಗೆ ಹೊತ್ತಾಯಿತೆಂದು ಗೇಟಿನ ಕಡೆಗೆ ಬೇಗ ಬೇಗ ನಡೆದಳು.