ಏರಿನಲ್ಲಿ ಕಾರು ದೂಡಿದವ

ನಮ್ಮ ನೆರೆಮನೆಯ ಯುಜಿನ್‌ಗೆ ಆದದ್ದು ಇದು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ನಗಬೇಡಿ ಮಾತ್ರ.

ತೊಂಬತ್ತೊಂದರ ಮಾತು. ಸೀತಾಂಗೋಳಿಯಿಂದ ಒಳಗೆ ಬರುವ ಮಣ್ಣಿನ ದಾರಿಯಲ್ಲಿ ಒಂದು ಹಳೆಯ ಬಾವಿ, ಅಲ್ಲಿಂದ ಮೇಲಕ್ಕೆ ಸಣ್ಣ ಏರು. ಆ ರಾತ್ರಿ ಯುಜಿನ್ ಆ ಏರಿನಲ್ಲಿ ಒಬ್ಬನೇ ನಡೆದು ಬರುತ್ತಿದ್ದ. ಕುಂಬಳೆಯಲ್ಲಿ ನೆಂಟರ ಮನೆಯ ರೋಸ್, ಅಂದರೆ ಮದುವೆಯ ಮುಂಚಿನ ಶಾಸ್ತ್ರದ ಊಟ ಮುಗಿಸಿ ಹೊರಡುವಾಗಲೇ ತಡವಾಗಿತ್ತು. ಅವನ ಹಳೆಯ ಫಿಯೆಟ್ ಕಾರು ಬಾವಿಯ ಹತ್ತಿರ ಬಂದದ್ದೇ... ಟುಸ್, ಟುಸ್ ಅಂತ ಕೆಮ್ಮಿ ನಿಂತಿತ್ತು. ಕೀ ತಿರುಗಿಸಿದರೆ ಕುಯ್... ಕುಯ್... ಅನ್ನುವುದು, ಹಿಡಿಯುವುದಿಲ್ಲ. ನ್ಯೂಟ್ರಲ್‌ಗೆ ಹಾಕಿ, ಇಳಿದು, ತಾನೇ ದೂಡಿ ನೋಡಿದ. ಅಲುಗಲಿಲ್ಲ. ಕೊನೆಗೆ ಚಕ್ರದ ಹಿಂದೆ ಕಲ್ಲಿಟ್ಟು ನಡೆದ.

ಎಲ್ಲಿಂದಲೋ ಕಟ್ಟಿಗೆ ಸುಟ್ಟ ವಾಸನೆ. ನಾಯಿ ಕೂಡ ಬೊಗಳುವುದಿಲ್ಲ.

ಅರ್ಧ ಏರು ಹತ್ತಿರಬೇಕು... ಹಿಂದೆ ಕರಕರ ಅಂತ ಸದ್ದು. ಚಕ್ರದ ಅಡಿಯಲ್ಲಿ ಜಲ್ಲಿ ಅರೆಯುವ ಸದ್ದು. ತಿರುಗಿ ನೋಡಿದ.

ಕಾರು ಬರುತ್ತಿತ್ತು. ದೀಪ ಇಲ್ಲ. ಎಂಜಿನ್ ಸದ್ದಿಲ್ಲ. ಸ್ಟೀರಿಂಗಿನ ಹಿಂದೆ ಯಾರೂ ಇಲ್ಲ. ಮೆಲ್ಲ ಮೆಲ್ಲ ಏರು ಹತ್ತಿ ಅವನ ಬದಿಗೆ ಬಂದು ನಿಂತಿತು. ಡಿಕ್ಕಿಯ ಹಿಂದೆ ಯಾರದೋ ಏದುಸಿರು... ಹ್ಹ... ಹ್ಹ...

"ಯಾರು?" ಯುಜಿನ್ ಪಿಸುಗುಟ್ಟಿದ.

"ನಾನೇ ಪೊರ್ಬುಗಳೇ... ಕೂತುಕೊಳ್ಳಿ. ದೂಡ್ತೇನೆ."

ನಮ್ಮಲ್ಲಿ ತುಳುವರು ಕ್ರಿಶ್ಚಿಯನ್ನರನ್ನು ಕರೆಯುವುದೇ ಪೊರ್ಬುಗಳು ಅಂತ. ಸ್ವರ ಕುಂಞನದು. ಬಾವಿಯ ಆಚೆ ಗುಡ್ಡದ ಬದಿಯಲ್ಲಿ ಅವನ ಮನೆ, ಅರುವತ್ತು ದಾಟಿದ ಮುದುಕ. ಕಾರು ಈ ಏರಿನಲ್ಲಿ ನಿಂತಾಗಲೆಲ್ಲ ದೂಡುವವನು ಅವನೇ. ಏರು ದಾಟಿಸಿದರೆ ಆಚೆ ಇಳಿಜಾರು, ಅಲ್ಲಿ ಸೆಕೆಂಡ್ ಗೇರಿಗೆ ಹಾಕಿದರೆ ಎಂಜಿನ್ ಹಿಡಿಯುತ್ತದೆ.

ಯುಜಿನ್‌ನ ಹೆದರಿಕೆ ಇಳಿಯಿತು. ಹಾಳಾದ ಅಭ್ಯಾಸ ನೋಡಿ... ಹಿಂದೆ ಹೋಗಿ ಒಂದು ಮಾತಾಡಿಸಲಿಲ್ಲ. ಬಾಗಿಲು ತೆಗೆದು ಕೂತುಬಿಟ್ಟ. ಕಾರು ಏರು ದಾಟಿತು, ಸ್ಟಾರ್ಟ್ ಆಯಿತು. ಪೋಂ ಅಂತ ಒಂದು ಹಾರನ್ ಹೊಡೆದು ಹೋದ. ಯಾವತ್ತೂ ಅವನ ಉಪಕಾರ ಸ್ಮರಣೆ ಅಷ್ಟೇ.

ಮನೆಯಲ್ಲಿ ಹೆಂಡತಿ ಹಿಲ್ಡಾ ಎಚ್ಚರವಿದ್ದಳು. "ಕುಂಞ ಹೋದ ಗೊತ್ತುಂಟಾ?"

"ಎಲ್ಲಿಗೆ? ಈಗ ಕಾರು ದೂಡಿದ್ದು ಯಾರು ಮತ್ತೆ?"

ಹಿಲ್ಡಾ ಶಿಲುಬೆಯ ಗುರುತು ಹಾಕಿಕೊಂಡಳು. "ಎಂತ ಮಾತಾಡ್ತೀರಿ? ಮಧ್ಯಾಹ್ನ ಸತ್ತದ್ದು. ಸಂಜೆಗೇ ಸುಟ್ಟಾಯಿತು..."

ಆ ರಾತ್ರಿ ಯುಜಿನ್ ಮಲಗಲಿಲ್ಲ. ಹೆದರಿಕೆಯಿಂದ ಅಂತ ಹಿಲ್ಡಾ ತಿಳಿದಳು. ಹೆದರಿಕೆ ಅಲ್ಲ, ನಾಚಿಕೆ. ಆ ದಿನವೇ ಬೆಳಿಗ್ಗೆ ಆಫೀಸಿಗೆ ಹೊರಟಾಗಲೂ, ಏರನ್ನು ಆಚೆ ಬದಿಯಿಂದ ಹತ್ತುವಾಗ ಕಾರು ನಿಂತಿತ್ತು. ಕುಂಞ ದೂಡುವಾಗ ನಡುವೆ ಒಮ್ಮೆ ಕೈ ಬಿಟ್ಟಿದ್ದ. "ಏ ಕುಂಞ, ಗಂಜಿ ಕುಡೀಲಿಲ್ವಾ? ಸರಿಯಾಗಿ ದೂಡು!" ಅಂತ ಯುಜಿನ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಬೊಬ್ಬೆ ಹೊಡೆದಿದ್ದ.

ಬೆಳಗಾದದ್ದೇ ಕುಂಞನ ಮನೆಗೆ ಹೋದ. ಕುಂಞನ ಹೆಂಡತಿ ಕಿನ್ನಿ ಅಂಗಳದಲ್ಲಿ ಕೂತಿದ್ದಳು. ಅವಳೇ ಹೇಳಿದಳು.

"ಎದೆ ಹಿಡೀತದೆ ಅಂತ ಬಂದು ಮಲಗಿದ್ದು ಪೊರ್ಬುಗಳೇ. 'ಪೊರ್ಬುಗಳ ಕಾರು ಬರುವಾಗ ಎಬ್ಬಿಸು, ಏರಿನಲ್ಲಿ ನಿಲ್ತದೆ' ಅಂದ್ರು. ಊಟಕ್ಕೆ ಎಬ್ಬಿಸಿದ್ರೆ... ಏಳಲಿಲ್ಲ." ಆಮೇಲೆ ಅವಳೇ ಕೇಳಿದಳು, "ನಿನ್ನೆ ನಿಮಗೆ ಕಷ್ಟ ಆಯ್ತಾ?"

ಯುಜಿನ್ ಇಲ್ಲ ಅನ್ನುವುದಾ, ಹೌದು ಅನ್ನುವುದಾ?

ಅಂದೇ ಕಾರನ್ನು ಸೀತಾಂಗೋಳಿಯ ಆಂಬ್ರೋಸ್‌ನ ಗ್ಯಾರೇಜಿಗೆ ಹಾಕಿದ. ಆಂಬ್ರೋಸ್ ಅವನ ಶಾಲೆಯ ಜತೆಗಾರ. ಮೊದಲೇ ಪ್ಲಗ್ ಬದಲಾಯಿಸಿ, ಪಾಯಿಂಟ್ ಉಜ್ಜಿ, ಕಾರ್ಬುರೇಟರ್ ತೊಳೆದು ಎಲ್ಲ ನೋಡಿದ್ದ. ಗ್ಯಾರೇಜಿನಲ್ಲಿ ಎಂಜಿನ್ ನಿಲ್ಲುವುದೇ ಇಲ್ಲ! "ಟ್ಯಾಂಕ್ ಬಿಚ್ಚಿ ನೋಡಬೇಕು, ಎರಡು ದಿನ ಬಿಡು" ಅಂತ ಎಷ್ಟೋ ಸಲ ಹೇಳಿದ್ದ. ಯುಜಿನ್ ಬಿಟ್ಟಿರಲಿಲ್ಲ. ವಿದ್ಯಾನಗರದ ಆಫೀಸಿಗೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಬೇಕಲ್ಲ. "ಹೇಗೂ ದೂಡ್ಲಿಕ್ಕೆ ಕುಂಞ ಉಂಟು" ಅಂದಿದ್ದ.

ಈಗ ಟ್ಯಾಂಕ್ ಬಿಚ್ಚಿದರೆ ಒಳಗೆ ಅಂಗೈಯಗಲದ ಪ್ಲಾಸ್ಟಿಕ್ ತುಂಡು. ಕ್ಯಾನಿನ ಮುಚ್ಚಳಕ್ಕೆ ಕಟ್ಟಿದ್ದು, ಪೆಟ್ರೋಲ್ ಹೊಯ್ಯುವಾಗ ಬಿದ್ದಿರಬೇಕು.

"ಏರಿನಲ್ಲಿ ಎಂಜಿನ್ ಜೋರಾಗಿ ಪೆಟ್ರೋಲ್ ಎಳೀತದೆ, ಇದು ಪೈಪಿನ ಬಾಯಿಗೆ ಅಂಟಿಕೊಳ್ತದೆ," ಅಂದ ಆಂಬ್ರೋಸ್. "ಎಂಜಿನ್ ನಿಂತ ಮೇಲೆ ತಾನೇ ಬಿಟ್ಟು ಹೋಗ್ತದೆ."

"ದೂಡಿದರೆ ಸ್ಟಾರ್ಟ್ ಆಗ್ತಿತ್ತಲ್ಲ?"

"ದೂಡಿದ್ದರಿಂದ ಅಲ್ಲ ಮಾರಾಯ. ಅಷ್ಟು ಹೊತ್ತು ನಿಂತದ್ದರಿಂದ. ಸುಮ್ಮನೆ ಒಂದು ಬೀಡಿ ಸೇದುವಷ್ಟು ಕಾದಿದ್ರೆ ಸಾಕಿತ್ತು, ದೂಡುವುದೇ ಬೇಡ."

ಯುಜಿನ್ ಗ್ಯಾರೇಜಿನ ಹಿಂದೆ ಹೋಗಿ ಗೋಡೆಗೆ ಮುಖ ಕೊಟ್ಟು ನಿಂತ.

ಸಂಜೆ ಇಬ್ಬರೂ ಕಾರನ್ನು ಆ ಏರಿಗೇ ತಂದು ನೋಡಿದರು. ಎಲ್ಲಿಯೂ ಕೆಮ್ಮಲಿಲ್ಲ. ಪುನಃ ಹಿಡಿಯುತ್ತದಾ ನೋಡುವಾ ಅಂತ ಆಂಬ್ರೋಸ್ ನಡು ಏರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಎಂಜಿನ್ ಆಫ್ ಮಾಡಿದ. ಬ್ರೇಕಿನಿಂದ ಕಾಲು ತೆಗೆದ.

ಕಾರು ಹಿಂದೆ ಸರಿಯಲಿಲ್ಲ.

ಆಂಬ್ರೋಸ್ ಕಾಲು ನೋಡಿಕೊಂಡ. ಗೇರು ಅಲುಗಿಸಿ ನೋಡಿದ. "ಯುಜಿನ್... ಇದೆಂತ?"

ಯುಜಿನ್ ಇಳಿದ. ಕಾರಿನ ಹಿಂದೆ ಹೋಗಿ, ಚಪ್ಪಲಿ ಕಳಚಿ, ಕೈ ಮುಗಿದು ನಿಂತ. ಅಲ್ಲಿ ಯಾರೂ ಇರಲಿಲ್ಲ.

"ಸಾಕು ಕುಂಞಣ್ಣ..." ಅಂದ. "ಕೈ ಬಿಡಿ. ನನ್ನಿಂದ ತಪ್ಪಾಯ್ತು."

ಹ್ಹ... ಅಂತ ಒಂದು ಉಸಿರು ಕೇಳಿತಂತೆ. ಆಮೇಲೆ ಕಾರು ಹಿಂದಕ್ಕೆ ಸರಿಯತೊಡಗಿತು. ಯುಜಿನ್ ಬದಿಗೆ ಹಾರಿದ, ಆಂಬ್ರೋಸ್ ಬ್ರೇಕ್ ಒತ್ತಿದ.

ಸುಳ್ಳು ಅಂತ ಅನಿಸಿದರೆ ಹೋಗಿ ಆಂಬ್ರೋಸ್‌ನನ್ನು ಕೇಳಿ, ಗಟ್ಟಿಮುಟ್ಟಾಗಿ ಇದ್ದಾನೆ. ಕಾರು ಏರಿನಲ್ಲಿ ನಿಂತಷ್ಟು ಹೊತ್ತು ತನ್ನ ಎರಡು ಕಾಲೂ ಬ್ರೇಕ್ ಬಿಟ್ಟು ಸೀಟಿನ ಮೇಲೆ ಇದ್ದವು ಅಂತ ಹೇಳುತ್ತಾನೆ.